ಅಲೆಯೂ ಹೊಗೆಯೇ

ಹಡಗು ಕಟ್ಟುವವರ ಕಸುಬಿಗೆ ಒಂದು ಹಳೆಯ ಹಟವಿದೆ: ನೀರನ್ನು ಆದಷ್ಟು ಕಲಕದೆ ಸಾಗಬೇಕು. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಮೇಣದ ಪುಟ್ಟ ಹಡಗುಗಳನ್ನು ಎಳೆಸಿ ಅಳೆದದ್ದು ಇದರ ಸಲುವಾಗಿಯೇ. ಹಡಗು ಎಬ್ಬಿಸುವ ಪ್ರತಿಯೊಂದು ಅಲೆಯೂ ಎಂಜಿನ್ನಿನ ದುಡಿಮೆಯಿಂದ ಸೋರಿಹೋದ ಪಾಲು. ಅಲೆ ಚಿಕ್ಕದಾದಷ್ಟೂ ಹಡಗು ಒಳ್ಳೆಯದು. ಇವತ್ತಿನ ಸರಕು ಹಡಗುಗಳ ಮೂತಿಯಲ್ಲಿ, ನೀರಿನಡಿ ಇರುವ ಆ ದುಂಡನೆಯ ಉಬ್ಬು ಕೂಡ ಅದೇ ಹಟದ ಮುಂದುವರಿಕೆ. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಳಿಸುವ ಉಪಾಯ ಅದು.

ಈ ಹಟಕ್ಕೆ ಬೆನ್ನು ತಿರುಗಿಸಿ ನಿಂತ ದೋಣಿಯೊಂದು ಈಗ ಅಮೆರಿಕದ ಸರೋವರಗಳಲ್ಲಿ ಓಡಾಡುತ್ತಿದೆ. ಹೆಸರು ವೇಕ್‌ಸರ್ಫ್ ದೋಣಿ. ವೇಕ್ ಎಂದರೆ ದೋಣಿ ಹಾದುಹೋದ ಮೇಲೆ ಹಿಂದೆ ನೀರಿನಲ್ಲಿ ಉಳಿಯುವ ಜಾಡು. ಆ ಜಾಡನ್ನೇ ಕಡಲಿನ ತೆರೆಯಷ್ಟು ದೊಡ್ಡದು ಮಾಡಿ, ಅದರ ಮೇಲೆ ಹಲಗೆ ಇಟ್ಟು, ಹಗ್ಗ ಬಿಟ್ಟು ಜಾರುವುದು ಆಟ. ಗಂಟೆಗೆ ಸುಮಾರು 16ರಿಂದ 19 ಕಿಲೋಮೀಟರ್ ವೇಗ ಸಾಕು. ದೋಣಿ ಪೂರ್ತಿ ನಿಧಾನವೂ ಇಲ್ಲ, ನೀರಿನ ಮೇಲೆ ಎದ್ದು ಹಾರುವಷ್ಟು ಜೋರೂ ಇಲ್ಲ. ಹಿಂಭಾಗ ತಗ್ಗಿ, ಮೂತಿ ಎತ್ತಿ, ನೀರನ್ನು ಉಳುತ್ತಾ ಹೋಗುವ ನಡುವಣ ಸ್ಥಿತಿ. ಬೇರೆ ಎಲ್ಲ ದೋಣಿಗಳೂ ಬೇಗ ದಾಟಿಹೋಗಲು ನೋಡುವ ಆ ಸ್ಥಿತಿಯಲ್ಲೇ ಇದು ದಿನವಿಡೀ ಬಾಳುತ್ತದೆ.

ನನ್ನ ತಕರಾರು ಆಟದ ಮೇಲೆ ಅಲ್ಲ. ಜಾರುವವರು ಜಾರಲಿ. ತಕರಾರು ಇರುವುದು ಈ ದೋಣಿಯ ಸುತ್ತ ಬೆಳೆದ ‘ಅಪ್‌ಗ್ರೇಡ್’ ಎಂಬ ನಂಬಿಕೆಯ ಮೇಲೆ: ಇನ್ನಷ್ಟು ಭಾರ, ಇನ್ನಷ್ಟು ಜಾಣ ಸಾಫ್ಟ್‌ವೇರ್, ಇನ್ನಷ್ಟು ದೊಡ್ಡ ಅಲೆ, ದಡದ ಲೆಕ್ಕ ಮಾತ್ರ ಬೇರೆ ಯಾರದ್ದೋ. ಈ ದೋಣಿಯ ಅಲೆಯನ್ನು ನಾವು ಕಾರಿನ ಹೊಗೆಯಂತೆ ನೋಡಬೇಕು. ಹೊಗೆಗೆ ಹಾಕುವ ಕಡಿವಾಣವನ್ನು ಅದಕ್ಕೂ ಹಾಕಬೇಕು, ಅದೂ ಯಂತ್ರದೊಳಗೇ.

ಈ ದೋಣಿ ಹೇಗೆ ಇಲ್ಲಿಗೆ ಬಂತು ಎಂಬುದನ್ನು ಸ್ವಲ್ಪ ನೋಡಬೇಕು. 1922ರಲ್ಲಿ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿಹರೆಯದ ಹುಡುಗ ಎರಡು ಹಲಗೆ ಕಟ್ಟಿಕೊಂಡು ದೋಣಿಯ ಹಿಂದೆ ನೀರಿನ ಮೇಲೆ ನಿಂತ. ವಾಟರ್ ಸ್ಕೀಯಿಂಗ್ ಹುಟ್ಟಿದ್ದು ಹಾಗೆ. ಆ ಆಟಕ್ಕೆ ಬೇಕಾದದ್ದು ಸಪಾಟು ನೀರು. ಹಾಗಾಗಿ ದಶಕಗಳ ಕಾಲ ಸ್ಕೀ ದೋಣಿ ಕಟ್ಟುವವರು ಅಲೆ ತಗ್ಗಿಸುವುದರಲ್ಲೇ ಪೈಪೋಟಿಗೆ ಬಿದ್ದಿದ್ದರು. ಆಮೇಲೆ ವೇಕ್‌ಬೋರ್ಡ್ ಬಂತು. ಗಾಳಿಗೆ ಹಾರಲು ಅದಕ್ಕೆ ಒಂದು ದಿಣ್ಣೆ ಬೇಕಿತ್ತು. ಜನ ದೋಣಿಯ ಹಿಂಭಾಗಕ್ಕೆ ನೀರು ತುಂಬಿದ ದಪ್ಪ ಚೀಲಗಳನ್ನು ಹೇರತೊಡಗಿದರು. ಸರ್ಫ್ ಮಾಡುವವರು ಚೀಲಗಳನ್ನೆಲ್ಲ ಒಂದೇ ಮೂಲೆಗೆ ಒತ್ತಿ ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿದರು, ವಾಲಿದ ಪಕ್ಕದಲ್ಲಿ ಅಲೆ ಎದ್ದಿತು. ಇದೇ ಬ್ಯಾಲಸ್ಟ್, ಅಂದರೆ ಬೇಕೆಂದೇ ಹೇರಿದ ಭಾರ. ಇವತ್ತಿನ ದೊಡ್ಡ ಮಾದರಿಗಳಲ್ಲಿ ಕಾರ್ಖಾನೆಯೇ ಕೂರಿಸಿ ಕಳಿಸುವ ಟ್ಯಾಂಕುಗಳಿಗೆ 3,000ದಿಂದ 5,000 ಪೌಂಡ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮನೆಯ ತಾರಸಿ ಮೇಲೆ ಕೂರುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಎರಡನ್ನು ತುಂಬಿಸಿ ದೋಣಿಯೊಳಗೆ ಇಟ್ಟ ಹಾಗೆ.

2012ರಲ್ಲಿ ಮಾಲಿಬು ಕಂಪನಿ ಸರ್ಫ್ ಗೇಟ್ ಎಂಬ ಹೊಸ ಉಪಾಯ ತಂದಿತು. ದೋಣಿಯ ಹಿಂಬದಿಯ ಎರಡು ಮೂಲೆಗಳಲ್ಲಿ ಎರಡು ಫ್ಲ್ಯಾಪುಗಳು. ಒಂದು ಪಕ್ಕದ ಫ್ಲ್ಯಾಪ್ ಹೊರಚಾಚಿದರೆ ಆ ಪಕ್ಕದ ನೀರು ಸೇರಿಕೊಳ್ಳುವುದು ತಡವಾಗಿ, ಇನ್ನೊಂದು ಪಕ್ಕದಲ್ಲಿ ನಯವಾದ ಉದ್ದನೆಯ ಅಲೆ ನಿಲ್ಲುತ್ತದೆ. ದೋಣಿ ವಾಲಬೇಕಾಗಿಲ್ಲ. ಎಡಗಾಲು ಮುಂದಿಡುವವರಿಗೆ ಒಂದು ಪಕ್ಕದ ಅಲೆ, ಬಲಗಾಲು ಮುಂದಿಡುವವರಿಗೆ ಇನ್ನೊಂದು ಪಕ್ಕದ್ದು. ಬದಲಿಸಲು ಒಂದು ಗುಂಡಿ, ಕೆಲವು ಸೆಕೆಂಡು. ನಾಟಿಕ್, ಮಾಸ್ಟರ್‌ಕ್ರಾಫ್ಟ್ ಮುಂತಾದವರೂ ತಮ್ಮ ತಮ್ಮ ಏರ್ಪಾಡು ಮಾಡಿಕೊಂಡರು. ಅಲ್ಲಿಂದ ಮುಂದೆ ಅಲೆ ಎನ್ನುವುದು ಟಚ್‌ಸ್ಕ್ರೀನಿನ ವಸ್ತುವಾಯಿತು. ಯಾವ ಟ್ಯಾಂಕಿಗೆ ಶೇಕಡಾ ಎಷ್ಟು ನೀರು, ಫ್ಲ್ಯಾಪ್ ಎಷ್ಟು ಇಳಿಯಬೇಕು, ಜಿಪಿಎಸ್ ಯಾವ ವೇಗ ಹಿಡಿದಿಡಬೇಕು, ಇವೆಲ್ಲ ಒಬ್ಬೊಬ್ಬ ಸವಾರನ ಹೆಸರಿನಲ್ಲಿ ಉಳಿದಿರುತ್ತವೆ. ಅಪ್ಪನ ಅಲೆ, ಮಗಳ ಅಲೆ, ನೆಂಟರ ಅಲೆ.

ಇಲ್ಲಿ ಒಂದು ಅವಕಾಶ ತಪ್ಪಿಹೋಯಿತು. ವಾಲಿಸದೆಯೇ ಒಳ್ಳೆಯ ಅಲೆ ಸಿಗುವುದಾದರೆ ಭಾರವನ್ನು ಇಳಿಸಬಹುದಿತ್ತು. ಆದದ್ದು ತಿರುಗುಮುರುಗು. ಫ್ಲ್ಯಾಪೂ ಬಂತು, ಭಾರವೂ ಏರಿತು, ದೋಣಿಗಳೂ ದೊಡ್ಡವಾದವು. ಜಾಣತನದಿಂದ ಉಳಿತಾಯವಾದದ್ದೆಲ್ಲ ಅಲೆಯ ಎತ್ತರಕ್ಕೇ ಹೋಯಿತು.

ಅಷ್ಟರಲ್ಲಿ ಕಂಪನಿಗಳು ಕೋರ್ಟು ಮೆಟ್ಟಿಲೂ ಹತ್ತಿದವು. ಪೇಟೆಂಟಿನ ವಿಷಯದಲ್ಲಿ ಮಾಲಿಬು 2013ರಲ್ಲಿ ನಾಟಿಕ್ ಮೇಲೆ, 2015ರಲ್ಲಿ ಮಾಸ್ಟರ್‌ಕ್ರಾಫ್ಟ್ ಮೇಲೆ ದಾವೆ ಹೂಡಿತು. ಎರಡೂ ರಾಜಿಯಲ್ಲಿ ಮುಗಿದವು. ಅಲೆ ಎಬ್ಬಿಸುವ ವಿದ್ಯೆ ಯಾರ ಆಸ್ತಿ ಎಂದು ತೀರ್ಮಾನಿಸಲು ಇಷ್ಟು ವಕೀಲರು, ಇಷ್ಟು ಕಡತ. ಎಬ್ಬಿಸಿದ ಅಲೆ ಹೋಗಿ ಬಡಿದ ಜಾಗದಲ್ಲಿ ಅದು ಯಾರ ಹೊಣೆ ಎಂದು ಕೇಳಿದರೆ ಮಾತ್ರ ಎಲ್ಲರೂ ಆಕಾಶ ನೋಡುತ್ತಾರೆ. ಆಸ್ತಿಯಾಗುವಾಗ ಅಲೆ ಕಂಪನಿಯದು, ದಡ ತಲುಪಿದಾಗ ಅದು ಪ್ರಕೃತಿಯದು!

ಅಲೆ ಸವಾರನ ಹಿಂದೆ ಮುಗಿಯುವುದಿಲ್ಲ. ಅದು ಹೋಗುತ್ತಲೇ ಇರುತ್ತದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಭೌತಶಾಸ್ತ್ರದ ಸರಳ ಪಾಠ: ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಾಲಯ, ಸಾರ್ವಜನಿಕರ ದೇಣಿಗೆಯ ನೆರವಿನಿಂದ, ಸರೋವರವೊಂದರಲ್ಲಿ ನಾಲ್ಕು ದೋಣಿಗಳನ್ನು ಓಡಿಸಿ ಅಳೆದು 2022ರಲ್ಲಿ ವರದಿ ಕೊಟ್ಟಿತು. ಸರ್ಫ್ ಮಾಡುವ ಸ್ಥಿತಿಯಲ್ಲಿ ಓಡುವ ದೋಣಿಗಳ ಅಲೆ ಸಾಮಾನ್ಯ ದೋಣಿಯ ಅಲೆಗಿಂತ ಎರಡರಿಂದ ಮೂರು ಪಟ್ಟು ಎತ್ತರ. ಒಟ್ಟು ಶಕ್ತಿ ಮೂರರಿಂದ ಒಂಬತ್ತು ಪಟ್ಟು. ಸಾಮಾನ್ಯ ದೋಣಿಯ ಅಲೆ 200 ಅಡಿ ದೂರದಲ್ಲಿ ಎಷ್ಟು ತಗ್ಗಿರುತ್ತದೋ ಅಷ್ಟು ತಗ್ಗಲು ಇದರ ಅಲೆಗೆ 500ಕ್ಕೂ ಹೆಚ್ಚು ಅಡಿ ಬೇಕು. ಅದೇ ಪ್ರಯೋಗಾಲಯ 2025ರಲ್ಲಿ ನೀರಿನ ಕೆಳಗಿನ ಕಥೆಯನ್ನು ಹೇಳಿತು. ಹಿಂಭಾಗ ತಗ್ಗಿ ಮೂತಿ ಎತ್ತಿದ ದೋಣಿಯ ಪ್ರೊಪೆಲ್ಲರ್ ನೀರನ್ನು ಕೆಳಮುಖವಾಗಿ ತಳ್ಳುತ್ತದೆ. ಹಾಗಾಗಿ ಸರ್ಫ್ ಸ್ಥಿತಿಯಲ್ಲಿ ಕನಿಷ್ಠ 20 ಅಡಿ ಆಳದಲ್ಲಿ ಓಡಿಸಬೇಕು ಎಂಬುದು ಅದರ ಸಲಹೆ. ತಳದ ಹೂಳು ಎದ್ದರೆ ಅದರಲ್ಲಿ ಅಡಗಿರುವ ರಂಜಕವೂ ಏಳುತ್ತದೆ; ರಂಜಕ ಎದ್ದರೆ ಪಾಚಿ ಹಬ್ಬುತ್ತದೆ.

ಈ ಅಂಕಿಗಳ ಹಿಂದೆ ಜೀವಗಳಿವೆ. ಲೂನ್ ಎಂಬ ಹಕ್ಕಿಯನ್ನು ನೋಡಿ. ಮಿನ್ನೆಸೋಟದ ರಾಜ್ಯಪಕ್ಷಿ ಅದು. ಅದರ ಕಾಲು ದೇಹದ ತೀರ ಹಿಂದಕ್ಕಿರುವುದರಿಂದ ನೆಲದ ಮೇಲೆ ನಡೆಯಲು ಒದ್ದಾಡುತ್ತದೆ. ಹಾಗಾಗಿ ನೀರಿನ ಅಂಚಿಗೇ ಗೂಡು ಕಟ್ಟುತ್ತದೆ. ದೊಡ್ಡ ಅಲೆಯೊಂದು ಬಂದರೆ ಮೊಟ್ಟೆ ನೀರುಪಾಲು. ಇನ್ನು ಆ ನಾಡಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಮನೋಮಿನ್ ಎನ್ನುವ ಕಾಡುಭತ್ತ. ತಗ್ಗು ನೀರಿನಲ್ಲಿ ತಾನಾಗಿ ಬೆಳೆಯುವ ಇದು ಅವರಿಗೆ ಅನ್ನವೂ ಹೌದು, ನಂಬಿಕೆಯೂ ಹೌದು. ವೈಟ್ ಅರ್ತ್ ಪಂಗಡ 2018ರಲ್ಲಿ ಈ ಭತ್ತಕ್ಕೇ ಬದುಕುವ ಹಕ್ಕಿದೆ ಎಂದು ಕಾನೂನು ಮಾಡಿತು. ಬೇಸಿಗೆಯ ಮೊದಲಲ್ಲಿ ಈ ಪೈರಿನ ಎಲೆಗಳು ನೀರಿನ ಮೇಲೆ ರಿಬ್ಬನ್ನಿನಂತೆ ತೇಲುವ ಕೆಲವು ವಾರಗಳಿವೆ. ಬೇರು ಇನ್ನೂ ಗಟ್ಟಿ ಕಚ್ಚಿರುವುದಿಲ್ಲ, ಅಲೆ ಬಡಿದರೆ ಕಿತ್ತು ಬರುತ್ತದೆ. ದೋಣಿಗಳು ನೀರಿಗಿಳಿಯುವ ಹಂಗಾಮೂ ಅದೇ.

ಈಗ ಆ ‘ಅಪ್‌ಗ್ರೇಡ್’ ಪದಕ್ಕೆ ಬರೋಣ. ಹೊಸ ದೋಣಿಯ ಬೆಲೆ ಸಾಮಾನ್ಯವಾಗಿ ಒಂದು ಲಕ್ಷ ಡಾಲರ್ ದಾಟುತ್ತದೆ. ಅಷ್ಟು ಕೊಡಲಾಗದವರು ಹಳೆಯ ದೋಣಿ ಕೊಂಡು ಮೇಲೇರಿಸುತ್ತಾರೆ. ರಬ್ಬರ್ ರೆಕ್ಕೆಯ ಹಳೆ ಪಂಪು ತೆಗೆದು ಬೇಗ ತುಂಬುವ ಪಂಪು ಹಾಕುವುದು. ಕಾರ್ಖಾನೆಯ ಟ್ಯಾಂಕಿನ ಜೊತೆಗೆ ಸೀಟಿನಡಿ ಇನ್ನೊಂದು ಚೀಲ ತೂರಿಸಿ ಕೊಳವೆ ಕೂಡಿಸುವುದು. ಹೊರಗಿನಿಂದ ಫ್ಲ್ಯಾಪ್ ಜೋಡಿಸುವುದು. ಎಲ್ಲವನ್ನೂ ಒಂದೇ ಪರದೆಯಿಂದ ನಡೆಸುವ ಸಾಫ್ಟ್‌ವೇರ್ ಕೂರಿಸುವುದು. ಕೈಕೆಲಸದ ಜಾಣ್ಮೆ ಇದರಲ್ಲಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪದ ಏನು ಹೇಳುತ್ತಿದೆ ನೋಡಿ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ‘ಉನ್ನತೀಕರಣ’ ಎನ್ನುತ್ತೇವೆ. ಎರಡೂ ಪದಗಳಲ್ಲಿ ಏರುವ ಅರ್ಥವಿದೆ. ಯಾರು ಏರಿದರು, ಯಾರು ತಗ್ಗಿದರು ಎಂಬ ಸುಳಿವು ಎರಡರಲ್ಲೂ ಇಲ್ಲ. ಈ ಉನ್ನತೀಕರಣದಲ್ಲಂತೂ ದೋಣಿ ನಿಜವಾಗಿ ಇನ್ನಷ್ಟು ಮುಳುಗುತ್ತದೆ. ಮುಳುಗಿಸಲು ದುಡ್ಡು ಕೊಟ್ಟು, ಅದನ್ನು ಏರಿಕೆ ಎಂದು ಕರೆಯುವುದು ಈ ಕಾಲದ ವಿಶೇಷ.

ಉದ್ಯಮದವರಲ್ಲಿ ಇದಕ್ಕೆ ಉತ್ತರವಿದೆ. ಅಮೆರಿಕದ ಜಲಕ್ರೀಡಾ ಉದ್ಯಮದ ಸಂಘ ‘ವೇಕ್ ರೆಸ್ಪಾನ್ಸಿಬ್ಲಿ’ ಎಂಬ ಪ್ರಚಾರ ನಡೆಸುತ್ತದೆ: ದಡದಿಂದ 200 ಅಡಿ ದೂರವಿರಿ, ಒಂದೇ ಕಡೆ ಸುತ್ತಬೇಡಿ, ಹಾಡಿನ ಸದ್ದು ತಗ್ಗಿಸಿ. ಒಳ್ಳೆಯ ಮಾತುಗಳೇ. ಆದರೆ ಯಂತ್ರದಿಂದ ಆಗುವ ಹಾನಿಯನ್ನು ನಡತೆಯ ಪ್ರಶ್ನೆಯಾಗಿ ತಿರುಗಿಸುವುದು ಹಳೆಯ ಚಾಳಿ. ಪ್ಲಾಸ್ಟಿಕ್ ಮಾಡುವವರು ಕಸ ಎಸೆಯಬೇಡಿ ಎನ್ನುತ್ತಾರೆ, ಸಾಲ ಕೊಡುವ ಆ್ಯಪಿನವರು ಜವಾಬ್ದಾರಿಯಿಂದ ಸಾಲ ಮಾಡಿ ಎನ್ನುತ್ತಾರೆ. ದೋಣಿಯ ವೇಗವನ್ನು ಮಾತ್ರ ಮನುಷ್ಯನ ಕೈಗೆ ಬಿಡಲು ಆಗದು, ಜಿಪಿಎಸ್ಸೇ ಬೇಕು. ಆದರೆ ಅಲುಗಾಡುವ ದೋಣಿಯಲ್ಲಿ ಕುಳಿತು ದಡ 200 ಅಡಿಯೋ 500 ಅಡಿಯೋ ಎಂದು ಕಣ್ಣಳತೆಯಲ್ಲಿ ಹೇಳುವ ಕೆಲಸ ಚಾಲಕನದು. ಈ ಹಂಚಿಕೆ ನನಗೆ ಅರ್ಥವಾಗುವುದಿಲ್ಲ. ಅರ್ಥವಾಗುತ್ತದೆ ಎಂದರೂ ತಪ್ಪಿಲ್ಲ: ಮಾರಾಟಕ್ಕೆ ಬೇಕಾದದ್ದು ಯಂತ್ರಕ್ಕೆ, ಮರ್ಯಾದೆಗೆ ಬೇಕಾದದ್ದು ಮನುಷ್ಯನಿಗೆ.

ಹೊಗೆಯ ಮಾತು ಬರುವುದು ಇಲ್ಲಿ. ಕಾರಿನ ಹೊಗೆಯನ್ನು ನಾವು ಚಾಲಕನ ಸಂಸ್ಕಾರಕ್ಕೆ ಬಿಡಲಿಲ್ಲ. ಶಾಲೆಯ ಮುಂದೆ ಮೆಲ್ಲಗೆ ಉಸಿರಾಡಿ ಎಂದು ಎಂಜಿನ್ನಿಗೆ ಬೋರ್ಡು ಹಾಕಲಿಲ್ಲ. ಇಷ್ಟಕ್ಕಿಂತ ಹೆಚ್ಚು ಉಗುಳುವ ಯಂತ್ರ ಮಾರುವಂತಿಲ್ಲ ಎಂದೆವು. ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಇನ್ನೂ ಒಂದು ಹೆಜ್ಜೆ ಹೋಗಿ, ಹೊಗೆ ತಡೆಯುವ ಏರ್ಪಾಡನ್ನು ಕೆಲಸ ಮಾಡದಂತೆ ಮಾಡುವ ಸಾಧನವನ್ನೂ ನಿಷೇಧಿಸಿದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಇದರಲ್ಲೇ. ಪರೀಕ್ಷೆಯ ಹೊತ್ತಿನಲ್ಲಿ ಸಭ್ಯವಾಗಿದ್ದು ರಸ್ತೆಗೆ ಬಂದರೆ ಉಗುಳುವ ಸಾಫ್ಟ್‌ವೇರ್ ಅದರ ಡೀಸೆಲ್ ಕಾರುಗಳಲ್ಲಿತ್ತು. ಆ ಪ್ರಕರಣ ಜಗತ್ತಿಗೆ ಕಲಿಸಿದ್ದು ಇಷ್ಟು: ಯಂತ್ರದ ನಡತೆ ಈಗ ಕೋಡಿನಲ್ಲಿದೆ, ಆದ್ದರಿಂದ ಕಾನೂನೂ ಕೋಡಿನವರೆಗೆ ಹೋಗಬೇಕು.

ಅಲೆಯೂ ಹೊಗೆಯಂತೆಯೇ. ಯಂತ್ರದಿಂದ ಹೊರಡುತ್ತದೆ, ಒಡೆಯನ ಅಂಗಳ ದಾಟುತ್ತದೆ, ಕೊನೆಗೆ ಕೇಳದವರ ಮೈಮೇಲೆ ಬೀಳುತ್ತದೆ. ಒಂದು ವ್ಯತ್ಯಾಸವಿದೆ, ಅದು ದೋಣಿಯ ಪರವಾಗಿಲ್ಲ. ಹೊಗೆ ಕಾರಿನ ಬೇಡದ ಪದಾರ್ಥ. ಇಲ್ಲಿ ಅಲೆಯೇ ಸರಕು.

ಹಾಗಾದರೆ ಬೇಕಾದದ್ದೇನು? ದೋಣಿಯಲ್ಲಿ ಜಿಪಿಎಸ್ ಇದೆ. ಆಳ ಅಳೆಯುವ ಸೆನ್ಸರ್ ಇದೆ. ಪಂಪು, ಫ್ಲ್ಯಾಪು, ವೇಗ ಎಲ್ಲವೂ ಒಂದೇ ಕಂಪ್ಯೂಟರಿನ ಮಾತು ಕೇಳುತ್ತವೆ. 20 ಅಡಿಗಿಂತ ತಗ್ಗು ನೀರಿನಲ್ಲಿ, ದಡದಿಂದ 500 ಅಡಿಯೊಳಗೆ ಸರ್ಫ್ ಸ್ಥಿತಿಗೆ ಹೋಗಲಾರೆ ಎಂದು ಆ ಕಂಪ್ಯೂಟರ್ ಹೇಳಲಿ. ಸವಾರನ ಹೆಸರು, ಅವನ ಮುಂಗಾಲು ಯಾವುದು ಎಂಬುದನ್ನು ನೆನಪಿಡುವ ಯಂತ್ರಕ್ಕೆ ದಡ ಎಲ್ಲಿದೆ ಎಂದು ನೆನಪಿಡುವುದು ಕಷ್ಟವೆಂದರೆ ನಂಬುವವರು ಯಾರು? ಇದು ಕಂಪನಿಯ ದಾಕ್ಷಿಣ್ಯವಾಗಿ ಬಂದರೆ ಸಾಲದು. ಡ್ರೋನ್ ಮಾರುವ ಡಿಜೆಐ ಕಂಪನಿ ವರ್ಷಗಟ್ಟಲೆ ತನ್ನ ಡ್ರೋನುಗಳು ವಿಮಾನ ನಿಲ್ದಾಣದಂಥ ಜಾಗಗಳಲ್ಲಿ ಹಾರದಂತೆ ಬೀಗ ಹಾಕಿತ್ತು. 2025ರ ಜನವರಿಯಲ್ಲಿ ಅಮೆರಿಕದ ಮಟ್ಟಿಗೆ ಆ ಬೀಗ ತೆಗೆದು ಬರೀ ಎಚ್ಚರಿಕೆ ತೋರಿಸತೊಡಗಿತು. ದಾಕ್ಷಿಣ್ಯವಾಗಿ ಬಂದದ್ದು ಹಾಗೆಯೇ ಹೋಗುತ್ತದೆ. ಕಾನೂನು ಬೇಕು.

ದಾರಿ ಆಗಲೇ ತೆರೆದಿದೆ. ವರ್ಮಾಂಟ್ ರಾಜ್ಯದಲ್ಲಿ ನಾಗರಿಕರ ಗುಂಪೊಂದು ಅರ್ಜಿ ಹಾಕಿ, ವಾದಿಸಿ, 2024ರ ಏಪ್ರಿಲ್‌ನಿಂದ ನಿಯಮ ಜಾರಿಯಾಯಿತು: ದಡದಿಂದ ಕನಿಷ್ಠ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಅಂಥ ನೀರು ಒಂದೇ ಕಡೆ 50 ಎಕರೆಯಾದರೂ ಇರುವ ಸರೋವರಗಳಲ್ಲಿ ಮಾತ್ರ ಈ ಆಟ. ಓರೆಗಾನ್ ರಾಜ್ಯ 2022ರಲ್ಲಿ ವಿಲಾಮೆಟ್ ನದಿಯ ನ್ಯೂಬರ್ಗ್ ಪೂಲ್ ಎಂಬ ಭಾಗದಲ್ಲಿ ದೋಣಿಯ ತೂಕಕ್ಕೇ ಮಿತಿ ಹಾಕಿತು. ನನಗೆ ಓರೆಗಾನಿನ ತರ್ಕ ಹೆಚ್ಚು ಇಷ್ಟ, ಏಕೆಂದರೆ ಅದು ಚಾಲಕನ ಮುಖ ನೋಡುವುದಿಲ್ಲ, ಯಂತ್ರವನ್ನು ನೋಡುತ್ತದೆ. ವರ್ಮಾಂಟಿನ ಅಂಕಿ ಓರೆಗಾನಿನ ತರ್ಕದೊಡನೆ ಕೂಡಿ ಸಾಫ್ಟ್‌ವೇರಿನೊಳಗೆ ಇಳಿಯಬೇಕು.

ಟ್ಯಾಂಕಿನ ತಳದಲ್ಲಿ ಉಳಿಯುವ ನೀರಿನ ವಿಷಯವೂ ಇದೆ. ಎಷ್ಟು ಪಂಪು ಮಾಡಿದರೂ ಬ್ಯಾಲಸ್ಟ್ ಟ್ಯಾಂಕು ಪೂರ್ತಿ ಬರಿದಾಗುವುದಿಲ್ಲ. ಆ ಉಳಿಕೆಯಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಬಲ್ಲವು. ಈ ಜೀವಿ 1980ರ ದಶಕದ ಕೊನೆಯಲ್ಲಿ ಅಮೆರಿಕದ ಮಹಾಸರೋವರಗಳಿಗೆ ಬಂದದ್ದೇ ಸಾಗರದಾಚೆಯ ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ. ಅದರಿಂದ ಪಾಠ ಕಲಿತ ಜಗತ್ತು ಹಡಗುಗಳ ಬ್ಯಾಲಸ್ಟ್ ನೀರಿಗೆ 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡಿತು, 2017ರಲ್ಲಿ ಅದು ಜಾರಿಗೆ ಬಂತು. ಟ್ರೇಲರಿನ ಮೇಲೆ ಹೆದ್ದಾರಿಯಲ್ಲಿ ಸಾಗುವ ಪುಟ್ಟ ದೋಣಿಯ ಬ್ಯಾಲಸ್ಟ್ ಆ ಒಪ್ಪಂದದ ಲೆಕ್ಕಕ್ಕೇ ಬರಲಿಲ್ಲ. ವರ್ಮಾಂಟ್ ಈಗ ಇಂಥ ದೋಣಿ ತನ್ನ ‘ಮನೆ ಸರೋವರ’ ಯಾವುದೆಂದು ಹೇಳಬೇಕು, ಬೇರೆಡೆ ಹೋಗಿ ಬಂದರೆ ತೊಳೆಸಬೇಕು ಎನ್ನುತ್ತದೆ. ನಿಜವಾದ ಅಪ್‌ಗ್ರೇಡ್ ಮಾಡಬೇಕೆಂದಿರುವ ಎಂಜಿನಿಯರಿಗೆ ಕೆಲಸ ಇಲ್ಲಿದೆ: ಪೂರ್ತಿ ಬರಿದಾಗುವ, ಒಳಗೆ ತೊಳೆಯಬಲ್ಲ, ನೀರು ಸೋಸಿ ಒಳಬಿಡುವ ಟ್ಯಾಂಕು.

ಎದುರುವಾದಗಳನ್ನು ತಳ್ಳಿಹಾಕಲಾಗದು. ಗಾಳಿಗೂ ಅಲೆ ಏಳುತ್ತದಲ್ಲ ಎನ್ನುವವರಿದ್ದಾರೆ. ಏಳುತ್ತದೆ. ದೊಡ್ಡ ಸರೋವರದ ದಡ ಅದಕ್ಕೆ ಒಗ್ಗಿಕೊಂಡೇ ರೂಪುಗೊಂಡಿರುತ್ತದೆ. ಆದರೆ ಸಣ್ಣ ಸರೋವರದ ಮರೆಯಾದ ಮೂಲೆಗೆ ಗಾಳಿ ಎಂದೂ ಅಂಥ ಅಲೆ ಕಳಿಸಿರಲಿಲ್ಲ. ಅಲ್ಲಿ ಬೆಳೆದ ಹುಲ್ಲು, ಅಲ್ಲಿ ಕಟ್ಟಿದ ಗೂಡು ಆ ನೆಮ್ಮದಿಯನ್ನು ನಂಬಿದ್ದವು.

ನನ್ನ ದೋಣಿ, ನನ್ನ ಸಾಫ್ಟ್‌ವೇರ್, ಬೀಗ ಹಾಕಲು ಕಂಪನಿ ಯಾರು ಎನ್ನುವ ವಾದಕ್ಕೆ ನನ್ನ ಅರ್ಧ ಮನಸ್ಸು ಸೇರುತ್ತದೆ. ಕೆಟ್ಟ ಪಂಪನ್ನು ತಾನೇ ರಿಪೇರಿ ಮಾಡಿಕೊಳ್ಳಲು ಬಿಡದೆ ಕೋಡಿನ ಹಿಂದೆ ಅಡಗುವ ಕಂಪನಿಗಳನ್ನು ವಿರೋಧಿಸಲೇಬೇಕು. ಆದರೆ ರಿಪೇರಿಯ ಹಕ್ಕು ಬೇರೆ, ಹೆಚ್ಚಿಸುವ ಹಕ್ಕು ಬೇರೆ. ನಿಮ್ಮ ಡೀಸೆಲ್ ಎಂಜಿನ್ನನ್ನು ನೀವೇ ಬಿಚ್ಚಿ ಜೋಡಿಸಿ. ಹೊಗೆ ಸೋಸುವ ಭಾಗವನ್ನು ಕಿತ್ತೆಸೆಯಬೇಡಿ. ಇಷ್ಟೇ ಗೆರೆ.

ಎಲ್ಲಕ್ಕಿಂತ ಚುರುಕಾದ ಟೀಕೆ ಇನ್ನೊಂದು: ಇದು ಇಬ್ಬರು ಶ್ರೀಮಂತರ ಜಗಳ, ದೋಣಿ ಇದ್ದವನಿಗೂ ದಡದಲ್ಲಿ ಬಂಗಲೆ ಇದ್ದವನಿಗೂ. ಸುಳ್ಳಲ್ಲ. ಜೊಂಡು ಕಿತ್ತು, ಹುಲ್ಲುಹಾಸು ಹಾಸಿ, ಗೊಬ್ಬರ ಸುರಿದು, ಕಲ್ಲು ಪೇರಿಸಿದ ಬಂಗಲೆಯವರು ಅಲೆಯ ಮೇಲೆ ದೂರುವಾಗ ನಗು ಬರುತ್ತದೆ. ಆದರೆ ಈ ಇಬ್ಬರ ನಡುವೆ ನೀರು ಹಂಚಿಹೋಗಿಲ್ಲ. ಬಾಡಿಗೆಗೆ ತಂದ ತೆಪ್ಪದಲ್ಲಿ ಮೀನು ಹಿಡಿಯುವವರು, ಸೊಂಟದಷ್ಟು ನೀರಿನಲ್ಲಿ ಈಜು ಕಲಿಯುವ ಮಕ್ಕಳು, ಮನೋಮಿನ್ ಕೊಯ್ಯುವವರು, ಲೂನ್ ಹಕ್ಕಿ ಇವರು ಯಾರೂ ಆ ಜಗಳದ ಕಕ್ಷಿದಾರರಲ್ಲ. ಅವರ ಪರವಾಗಿ ಮಾತಾಡಲು ಬಂಗಲೆ ಬೇಕಿಲ್ಲ, ಸಂಘದ ಚಂದಾ ಬೇಕಿಲ್ಲ. ಮಿನ್ನೆಸೋಟದಿಂದ ಇಷ್ಟು ದೂರ ಕುಳಿತು ಕನ್ನಡದಲ್ಲಿ ಬರೆಯುವವರಿಗೂ ಆ ಅಧಿಕಾರವಿದೆ ಎಂದು ನಾನು ತಿಳಿದಿದ್ದೇನೆ.

ಕನ್ನಡದಲ್ಲಿ ಬರೆಯುವುದರಿಂದ ಒಂದು ಪದವೂ ನೆರವಿಗೆ ಬರುತ್ತದೆ: ನೀರುಗಂಟಿ. ನಮ್ಮ ಊರುಗಳ ಕೆರೆಯ ತೂಬನ್ನು ಎತ್ತುವ, ಇಳಿಸುವ ಕೆಲಸ ಅವನದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವ ಹೊಣೆಯೂ ಅವನದೇ. ಆ ವ್ಯವಸ್ಥೆಯಲ್ಲಿ ಜಾತಿಯ ಕಹಿಯೂ ಇತ್ತು, ಅದನ್ನು ಸಿಂಗರಿಸಬೇಕಿಲ್ಲ. ಆದರೆ ತೂಬಿನ ಮೇಲಿನ ಕೈ ಮತ್ತು ಕೆಳಗಿನ ಗದ್ದೆಯ ಲೆಕ್ಕ ಒಬ್ಬನಲ್ಲೇ ಕೂಡಿರಬೇಕು ಎಂಬ ತಿಳಿವಳಿಕೆ ಆ ಪದದಲ್ಲಿದೆ. ವೇಕ್‌ಸರ್ಫ್ ದೋಣಿಯ ಸಾಫ್ಟ್‌ವೇರಿಗೆ ತೂಬು ಕೊಟ್ಟಿದ್ದಾರೆ, ಗದ್ದೆಯ ಲೆಕ್ಕ ಕೊಟ್ಟಿಲ್ಲ. ಎರಡು ಟನ್ ನೀರನ್ನು ಬೇಕೆಂದಾಗ ಒಳಗೆಳೆದು ಬೇಡವೆಂದಾಗ ಹೊರಚೆಲ್ಲುವ ಯಂತ್ರಕ್ಕೆ ಆ ನೀರು ಯಾರದೆಂಬ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ.

ಮುಂದಿನ ಅಪ್‌ಗ್ರೇಡ್ ಬರಲಿ. ಬಂದಾಗ ಅದನ್ನು ದೋಣಿಯ ಹಿಂದೆ ಹಲಗೆಯ ಮೇಲೆ ನಿಂತು ಅಳೆಯುವುದು ಬೇಡ. ದಡದಲ್ಲಿ, ನೀರಿನ ಅಂಚಿನ ಗೂಡಿನ ಎತ್ತರದಲ್ಲಿ ಅಳೆಯೋಣ. ಅಲ್ಲಿ ಅಲೆ ತಗ್ಗಿದ್ದರೆ ಮಾತ್ರ ಅದು ಏರಿಕೆ.